ಹಿಂದೆ ನಾಲ್ಕು ಟರ್ಮಿನಲ್ ಇರುವ ಸ್ಪೀಕರ್: ಬೈ-ವೈರಿಂಗ್ ಬೇಕೋ ಬೇಡವೋ, ಮನೆಯಲ್ಲೇ ಪರೀಕ್ಷಿಸುವ ಬಗೆ

ಹೋದ ಬೇಸಿಗೆಯಲ್ಲಿ ರಾಯಚೂರಿನ ನಮ್ಮ ಓಣಿಯ ಗೆಳೆಯರೊಬ್ಬರು ಹೈದರಾಬಾದಿನಿಂದ ಸೆಕೆಂಡ್‌ಹ್ಯಾಂಡ್ ಸ್ಪೀಕರ್ ಜೋಡಿ ತಂದರು. ಸೊಂಟದೆತ್ತರದ ಪೆಟ್ಟಿಗೆಗಳು. ಹಿಂದೆ ತಲಾ ನಾಲ್ಕು ಟರ್ಮಿನಲ್ (ವೈರು ಕೂರಿಸುವ ತಿರುಪು), ಎರಡು ಕೆಂಪು, ಎರಡು ಕಪ್ಪು. ಬೈ-ವೈರ್ ಮಾಡದಿದ್ದರೆ, ಅಂದರೆ ಒಂದೊಂದು ಸ್ಪೀಕರಿಗೂ ಒಂದರ ಬದಲು ಎರಡು ವೈರು ಎಳೆಯದಿದ್ದರೆ, ಈ ಸ್ಪೀಕರಿನ ಅರ್ಧ ದನಿಯೂ ಹೊರಗೆ ಬರುವುದಿಲ್ಲ ಅಂತ ಮಾರಿದವರು ಹೇಳಿ ಕಳಿಸಿದ್ದರಂತೆ. ಗೆಳೆಯರ ಫೋನ್ ಬಂತು: "ಸರ್, ಪ್ಯಾಟ್ಯಾಗ ಅದೀನಿ. ಇನ್ನೊಂದ್ ಹದಿನೈದ್ ಮೀಟರ್ ವೈರು ತರ್ಲೇನ್ರೀ?"

"ಈಗ ಬ್ಯಾಡ್ರಿ. ಸಂಜಿಮುಂದ ಬರ್ತೀನಿ, ಮೊದ್ಲು ಹಿಂದಿನ ತಿರುಪು ನೋಡೋಣು" ಅಂದೆ.

ಸಂಜೆ ಹೋಗಿ ನೋಡಿದರೆ ನಾಲ್ಕರಲ್ಲಿ ಮೂರು ತಿರುಪು ಬೆರಳು ತಾಗಿಸಿದರೆ ತಿರುಗುವಷ್ಟು ಸಡಿಲ. ಮೇಲಿನ ಜೋಡಿಯನ್ನೂ ಕೆಳಗಿನ ಜೋಡಿಯನ್ನೂ ಸೇರಿಸುವ ಜಂಪರ್ ಪಟ್ಟಿಗಳು ಹಳೆಯ ಪಾತ್ರೆಯ ತಳದಂತೆ ಕಪ್ಪಿಟ್ಟಿದ್ದವು. ಬಿಚ್ಚಿ, ಒರೆಸಿ, ವೈರಿನ ತುದಿ ಕತ್ತರಿಸಿ ಹೊಸ ತಾಮ್ರ ತೆಗೆದು, ಬಿಗಿಯಾಗಿ ಕೂರಿಸಿದೆ. ಹೊಸದಾಗಿ ಒಂದು ಗೇಣು ವೈರೂ ಹಾಕಲಿಲ್ಲ. ಹಾಡು ಹಚ್ಚಿದ ಗೆಳೆಯರು ಕೇಳಿದರು: "ಏನ್ ಮಾಡಿದ್ರೀ ಸರ್? ಬ್ಯಾರೇನೇ ಕೇಳ್ಸಕತ್ತದಲ್ರೀ!"

ಅವತ್ತು ಅವರು ಆ ಹದಿನೈದು ಮೀಟರ್ ವೈರು ತಂದಿದ್ದರೆ ಏನಾಗುತ್ತಿತ್ತು ಯೋಚಿಸಿ. ಬೈ-ವೈರ್ ಮಾಡಲು ಹೇಗೂ ತಿರುಪು ಬಿಚ್ಚಲೇಬೇಕು, ಕಪ್ಪಿಟ್ಟ ಪಟ್ಟಿ ತೆಗೆಯಲೇಬೇಕು, ಹೊಸ ತುದಿ ಕೂರಿಸಿ ಬಿಗಿ ಮಾಡಲೇಬೇಕು. ದನಿ ಸುಧಾರಿಸುತ್ತಿತ್ತು, ಹೆಸರು ಬೈ-ವೈರಿಂಗಿಗೆ ಹೋಗುತ್ತಿತ್ತು. "ನಾನೇ ಕೇಳಿದ್ದೀನಿ, ಫರಕು ಇದೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರು ಕೇಳಿದ ಫರಕಿಗೆ ಕಾರಣ ಬೇರೆ ಇರಬಹುದು, ಅಷ್ಟೇ. ಆ ಕಾರಣಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಎರಡು ಸಂಜೆ ಬೇಕು, ನಡುವೆ ಸುಮ್ಮನೆ ಕೇಳಲು ಒಂದು ವಾರ ಬೇಕು, ವೋಲ್ಟ್-ಓಮ್ ಅಳೆಯುವ ಒಂದು ಮಲ್ಟಿಮೀಟರ್ ಬೇಕು, ಗೀಸರಿಗೆ ಹಾಕುವ ಒಂದು ಡಿಪಿ (ಡಬಲ್ ಪೋಲ್) ಸ್ವಿಚ್ ಬೇಕು.

ಮೊದಲು, ಒಳಗೆ ಏನಾಗುತ್ತದೆ

ಸ್ಪೀಕರ್ ಪೆಟ್ಟಿಗೆಯೊಳಗೆ ತಗ್ಗು ಸ್ವರಕ್ಕೆ ಊಫರ್, ಮೇಲಿನ ಸ್ವರಕ್ಕೆ ಟ್ವೀಟರ್ ಇರುತ್ತವೆ. ಆ್ಯಂಪಿನಿಂದ (ಆ್ಯಂಪ್ಲಿಫೈಯರಿನಿಂದ) ಬಂದ ಸಿಗ್ನಲನ್ನು ಇಬ್ಬರಿಗೂ ಹಂಚುವುದು ಕ್ರಾಸ್‌ಓವರ್ ಎಂಬ ಕಾಯಿಲ್-ಕೆಪಾಸಿಟರ್‌ಗಳ ಜಾಲ. ನಾಲ್ಕು ಟರ್ಮಿನಲ್ ಇರುವ ಸ್ಪೀಕರಿನಲ್ಲಿ ಈ ಜಾಲದ ಎರಡು ಭಾಗಗಳನ್ನು ಒಳಗೆ ಸೇರಿಸಿರುವುದಿಲ್ಲ, ಹೊರಗೆ ಜಂಪರ್ ಪಟ್ಟಿಯಿಂದ ಸೇರಿಸಿರುತ್ತಾರೆ. ಆ ಪಟ್ಟಿ ತೆಗೆದು, ಒಂದೇ ಆ್ಯಂಪಿನ ಒಂದೇ ಚಾನೆಲ್‌ನಿಂದ ಎರಡು ಬೇರೆ ಬೇರೆ ವೈರು ಎಳೆದು, ಒಂದನ್ನು ಊಫರಿನ ಜೋಡಿಗೂ ಇನ್ನೊಂದನ್ನು ಟ್ವೀಟರಿನ ಜೋಡಿಗೂ ಕೊಟ್ಟರೆ ಅದೇ ಬೈ-ವೈರಿಂಗ್.

ಪವರ್ ಇಮ್ಮಡಿಯಾಗುವುದಿಲ್ಲ, ಏಕೆಂದರೆ ಆ್ಯಂಪ್ ಒಂದೇ. ಆ್ಯಂಪಿನ ಮೇಲಿನ ಹೊರೆಯೂ ಬದಲಾಗುವುದಿಲ್ಲ. 8 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಸ್ಪೀಕರ್ 8 ಓಮ್ ಆಗಿಯೇ ಉಳಿಯುತ್ತದೆ, 4 ಆಗುತ್ತದೆ ಎಂದು ಹೆದರುವವರಿದ್ದಾರೆ, ಬೇಡ. ಇನ್ನೊಂದು ತಪ್ಪು ತಿಳಿವಳಿಕೆ, ಬೇಸ್ ಎಲ್ಲ ಒಂದು ವೈರಿಗೆ, ಟ್ರೆಬಲ್ ಎಲ್ಲ ಇನ್ನೊಂದಕ್ಕೆ ಹೋಗುತ್ತದೆ ಎನ್ನುವುದು. ವೋಲ್ಟೇಜ್ ಎರಡು ವೈರಿನಲ್ಲೂ ಒಂದೇ, ಪೂರ್ತಿ ಸಂಗೀತದ್ದು. ಬೇರೆಯಾಗುವುದು ಕರೆಂಟು ಮಾತ್ರ. ಟ್ವೀಟರಿನ ಮುಂದೆ ಕೆಪಾಸಿಟರ್ ಕೂತಿರುವುದರಿಂದ ತಗ್ಗು ಸ್ವರದ ಕರೆಂಟು ಆ ವೈರಿನಲ್ಲಿ ಹೆಚ್ಚೂ ಕಡಿಮೆ ಹರಿಯುವುದೇ ಇಲ್ಲ.

ಬೈ-ವೈರ್ ಪರವಾದ ವಾದ ಹುಟ್ಟುವುದೂ ಇಲ್ಲಿಂದಲೇ, ಅದು ಪೂರ್ತಿ ಪೊಳ್ಳಲ್ಲ. ಒಂದೇ ವೈರು ಇದ್ದಾಗ ಊಫರ್ ಎಳೆಯುವ ದೊಡ್ಡ ಕರೆಂಟಿನಿಂದ ಆ ವೈರಿನಲ್ಲಿ ಒಂದಿಷ್ಟು ವೋಲ್ಟೇಜ್ ಬೀಳುತ್ತದೆ. ಅದೇ ವೈರಿನ ತುದಿಯಲ್ಲಿ ಟ್ವೀಟರೂ ಇದೆ. ಹಾಗಾಗಿ ಊಫರಿನ ಕೊಳೆ ಟ್ವೀಟರಿಗೂ ತಟ್ಟುತ್ತದೆ ಎನ್ನುತ್ತಾರೆ. ತಟ್ಟುತ್ತದೆ, ನಿಜ. ಎಷ್ಟು ತಟ್ಟುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ.

ಹಾಕೋಣ. 3 ಮೀಟರ್ ಉದ್ದದ ಎರಡೂವರೆ ಸ್ಕ್ವೇರ್ (2.5 ಚದರ ಮಿಲಿಮೀಟರ್) ತಾಮ್ರದ ವೈರು. ಹೋಗುವುದು ಬರುವುದು ಸೇರಿ 6 ಮೀಟರ್, ಮೀಟರಿಗೆ ಸುಮಾರು 8 ಮಿಲಿಓಮ್, ಒಟ್ಟು 48 ಮಿಲಿಓಮ್. ಆ್ಯಂಪ್ 16 ವೋಲ್ಟ್ ಕೊಡುತ್ತಿದೆ, ಊಫರ್ 2 ಆಂಪಿಯರ್ ಎಳೆಯುತ್ತಿದೆ ಎನ್ನಿ. ಅಂದರೆ 32 ವಾಟ್, ಮನೆಯಲ್ಲಿ ಸಾಕಷ್ಟು ಜೋರು. ಈ ಕರೆಂಟಿನಲ್ಲಿ ಶೇ 1ರಷ್ಟು ಊಫರಿನ ವಿಕಾರ (ಡಿಸ್ಟಾರ್ಷನ್, ಮೂಲ ಸಂಗೀತದಲ್ಲಿ ಇಲ್ಲದ ಕೊಳೆ) ಎಂದಿಟ್ಟುಕೊಂಡರೆ 20 ಮಿಲಿಆಂಪಿಯರ್. ಅದು 48 ಮಿಲಿಓಮ್‌ನಲ್ಲಿ ಹರಿದಾಗ ಬೀಳುವುದು ಸುಮಾರು 1 ಮಿಲಿವೋಲ್ಟ್. 16 ವೋಲ್ಟಿನ ಮುಂದೆ 1 ಮಿಲಿವೋಲ್ಟ್ ಅಂದರೆ 84 ಡೆಸಿಬಲ್ ಕೆಳಗೆ. 2.83 ವೋಲ್ಟಿಗೆ 87 ಡೆಸಿಬಲ್ ಕೊಡುವ ಸಾಮಾನ್ಯ ಸ್ಪೀಕರ್ 16 ವೋಲ್ಟಿನಲ್ಲಿ ಒಂದು ಮೀಟರ್ ದೂರಕ್ಕೆ 102 ಡೆಸಿಬಲ್ ಕೂಗುತ್ತದೆ. ಅದರಲ್ಲಿ 84 ಕಳೆದರೆ ಉಳಿದದ್ದು 18 ಡೆಸಿಬಲ್. ರಾತ್ರಿ ಫ್ಯಾನ್ ಆರಿಸಿದ ಕೋಣೆಯಲ್ಲೇ ಸುಮಾರು 30 ಡೆಸಿಬಲ್ ಸದ್ದಿರುತ್ತದೆ. ಇನ್ನು ನಮ್ಮ ಊರಲ್ಲಿ ಏಪ್ರಿಲ್ ಬಂತೆಂದರೆ ಕಿಟಕಿಯಲ್ಲಿ ಕೂಲರ್ ಭೋರ್ಗರೆಯುತ್ತಿರುತ್ತದೆ! ಅದೇ ಹೊತ್ತಿಗೆ ಊಫರ್ ತನ್ನ ಶೇ 1ರ ವಿಕಾರವನ್ನು ನೇರವಾಗಿ ಗಾಳಿಗೇ ಬಿಡುತ್ತಿದೆ, ಅದು 40 ಡೆಸಿಬಲ್ ಮಾತ್ರ ಕೆಳಗೆ. ಬಾಗಿಲು ತೆರೆದಿಟ್ಟು ಕೀಲಿಕೈ ತೂತಿಗೆ ಬಟ್ಟೆ ತುರುಕಿದ ಹಾಗೆ.

ತಯಾರಕರಲ್ಲೂ ಒಮ್ಮತವಿಲ್ಲ. ಅಮೆರಿಕದ ವ್ಯಾಂಡರ್‌ಸ್ಟೀನ್ ಬೈ-ವೈರ್ ಮಾಡಿ ಎಂದೇ ಹೇಳುತ್ತಾ ಬಂದಿದೆ. ಡೆನ್ಮಾರ್ಕಿನ ಡೈನಾಡಿಯೋ ಒಂದೇ ಜೋಡಿ ಟರ್ಮಿನಲ್ ಕೊಟ್ಟು ಸುಮ್ಮನಾಗುತ್ತದೆ. ಇಬ್ಬರೂ ಒಳ್ಳೆಯ ಸ್ಪೀಕರ್ ಮಾಡುವವರೇ.

ಹೆಜ್ಜೆ 1: ಬಿಚ್ಚಿ, ಒರೆಸಿ, ಬಿಗಿ ಮಾಡಿ, ಒಂದು ವಾರ ಕೇಳಿ

ಆ್ಯಂಪ್ ಆರಿಸಿ, ಪ್ಲಗ್ ಕಿತ್ತು ಹಾಕಿ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ಬಣ್ಣ ಎಲ್ಲಿತ್ತು ಎಂದು ಆಮೇಲೆ ಜಗಳ ಬೇಡ. ಜಂಪರ್ ಪಟ್ಟಿ ತೆಗೆಯಿರಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಬಟ್ಟೆಗೆ ಹಾಕಿ ಪಟ್ಟಿ, ಟರ್ಮಿನಲಿನ ಒಳಮೈ ಎರಡನ್ನೂ ಒರೆಸಿ. ಪಟ್ಟಿಯ ಮೇಲಿನ ಕಪ್ಪು ಹೋಗದಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಮರಳು ಕಾಗದ ಮುಟ್ಟಬೇಡಿ. ಮೇಲಿನ ಚಿನ್ನದ ಲೇಪ ಕಿತ್ತು ಹೋದರೆ ಕೆಳಗಿನ ಹಿತ್ತಾಳೆ ಮತ್ತೆ ಬೇಗ ಕಪ್ಪಾಗುತ್ತದೆ.

ವೈರಿನ ತುದಿಯ ಹಳೆಯ ಎರಡು ಸೆಂಟಿಮೀಟರ್ ಕತ್ತರಿಸಿ ಎಸೆಯಿರಿ. ಹೊಸದಾಗಿ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಕೂರಿಸಿ. ಒಂದೇ ಒಂದು ಎಳೆ ಹೊರಗೆ ಇಣುಕಿ ಪಕ್ಕದ ಟರ್ಮಿನಲಿಗೆ ತಾಗಿದರೂ ಆ್ಯಂಪಿಗೆ ಅಪಾಯ. ತಿರುಪನ್ನು ಕೈಯಿಂದಲೇ ಬಿಗಿ ಮಾಡಿ, ಇಕ್ಕಳ ಹಾಕಿದರೆ ಹಿಂದಿನ ಪ್ಲಾಸ್ಟಿಕ್ ಬಿರಿಯುತ್ತದೆ. ನಮ್ಮ ಕಡೆಯ ಧೂಳಿಗೂ ಬಿಸಿಲಿಗೂ ವರ್ಷಕ್ಕೊಮ್ಮೆಯಾದರೂ ಈ ಕೆಲಸ ಮಾಡಬೇಕು. ಹಗಲು ಹಿಗ್ಗಿ ರಾತ್ರಿ ಕುಗ್ಗಿ ತಿರುಪು ತಾನಾಗಿಯೇ ಸಡಿಲಾಗುತ್ತದೆ.

ಜಂಪರ್ ಚೆನ್ನಾಗಿ ಕೂತಿದೆಯೇ ನೋಡಲು ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಹಿಡಿಯುವುದು ವ್ಯರ್ಥ. ಸಾದಾ ಮೀಟರಿನ ಸ್ವಂತ ತಂತಿಗಳೇ 0.2, 0.3 ಓಮ್ ತೋರಿಸುತ್ತವೆ, ನೀವು ಹುಡುಕುತ್ತಿರುವುದು ಮಿಲಿಓಮ್. ಎಸಿ ಮಿಲಿವೋಲ್ಟ್ ತೋರಿಸುವ ಮೀಟರಿದ್ದರೆ ಹೀಗೆ ಮಾಡಿ: ಆ್ಯಂಪಿನ ವೈರನ್ನು ಟ್ವೀಟರಿನ ಟರ್ಮಿನಲಿಗೆ ಹಾಕಿ, ಆಗ ಊಫರಿನ ಕರೆಂಟು ಜಂಪರ್ ದಾಟಿಯೇ ಹೋಗಬೇಕು. ಮೊಬೈಲಿನಿಂದ 50 ಹರ್ಟ್ಸ್ ಸ್ವರ ಮಧ್ಯಮ ದನಿಯಲ್ಲಿ ಹಚ್ಚಿ, ಜಂಪರಿನ ಎರಡು ತುದಿಗಳ ನಡುವೆ ಅಳೆಯಿರಿ. ಎಡ, ಬಲ ಎರಡರಲ್ಲೂ ಒಂದೇ ಥರದ ಸಣ್ಣ ಅಂಕಿ ಬರಬೇಕು. ಒಂದರಲ್ಲಿ ಹತ್ತು ಪಟ್ಟು ಬಂದರೆ ಆ ಪಟ್ಟಿ ಇನ್ನೂ ಕೊಳೆ.

ಪಟ್ಟಿ ಹಾಳಾಗಿದ್ದರೆ ಹೊಸದು ತರಿಸುವ ಗೋಜಿಲ್ಲ. ನಿಮ್ಮ ಸ್ಪೀಕರ್ ವೈರಿನದೇ ಹತ್ತು ಸೆಂಟಿಮೀಟರ್ ತುಂಡುಗಳನ್ನು ಜಂಪರ್ ಮಾಡಿ. "ಆಡಿಯೋಫೈಲ್ ಜಂಪರ್" ಎಂದು ಸಾವಿರಾರು ರೂಪಾಯಿಗೆ ಮಾರುವುದೂ ಇದನ್ನೇ, ಮೇಲೆ ಒಳ್ಳೆಯ ಬಟ್ಟೆ ತೊಡಿಸಿ.

ಇಷ್ಟಾದ ಮೇಲೆ ಒಂದು ವಾರ ಏನೂ ಮುಟ್ಟದೆ ಕೇಳಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹೋದರೆ ನಮ್ಮ ಗೆಳೆಯರಿಗೆ ಆಗಬಹುದಾಗಿದ್ದ ಮೋಸವೇ ನಿಮಗೂ ಆಗುತ್ತದೆ.

ಹೆಜ್ಜೆ 2: ವೈರು ಎಷ್ಟು ದಪ್ಪ, ಎಷ್ಟು ಉದ್ದ

ವೈರಿನಿಂದ ದನಿ ಬದಲಾಗುವುದೇ ಇಲ್ಲ ಎನ್ನುವವರೂ ತಪ್ಪು. ತೆಳುವಾದ, ಉದ್ದವಾದ ವೈರು ದನಿಯನ್ನು ಬದಲಿಸುತ್ತದೆ. ನಮ್ಮ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸ್ಪೀಕರ್ ವೈರು ಕೊಡ್ರಿ ಅಂದರೆ ಹೆಚ್ಚಾಗಿ ಕೈಗೆ ಬರುವುದು 23/76. ಅಂದರೆ 0.0076 ಇಂಚಿನ 23 ಎಳೆ, ಒಟ್ಟು ಸುಮಾರು 0.67 ಸ್ಕ್ವೇರ್ ಎಂಎಂ. ಅದರ ಅಣ್ಣ 40/76, ಸುಮಾರು 1.2 ಸ್ಕ್ವೇರ್. ದೊಡ್ಡ ಹಾಲಿನಲ್ಲಿ ಗೋಡೆ ಬಳಸಿ 8 ಮೀಟರ್ 23/76 ಎಳೆದಿರಿ ಎನ್ನಿ. ಹೋಗಿ ಬರುವ ದಾರಿ ಸೇರಿ 0.4 ಓಮ್ ದಾಟುತ್ತದೆ. ಸ್ಪೀಕರಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ, ಒಂದು ಕಡೆ 4ಕ್ಕೆ ಇಳಿದು ಇನ್ನೊಂದು ಕಡೆ 20ಕ್ಕೆ ಏರುತ್ತದೆ. 4 ಇದ್ದಲ್ಲಿ ಸುಮಾರು 0.85 ಡೆಸಿಬಲ್ ನಷ್ಟ, 20 ಇದ್ದಲ್ಲಿ 0.18. ನಡುವಿನ ಅಂತರ 0.7ರ ಹತ್ತಿರ. ಯಾರೋ ಈಕ್ವಲೈಜರಿನ ಗುಂಡಿಯನ್ನು ಸ್ವಲ್ಪ ತಿರುವಿದಂತೆ, ಕಿವಿಗೆ ಗೊತ್ತಾಗುವ ಬದಲಾವಣೆ ಇದು. ಅದೇ ದೂರಕ್ಕೆ ಎರಡೂವರೆ ಸ್ಕ್ವೇರ್ ಹಾಕಿದರೆ ಅಂತರ 0.2ಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಮೋಜಿದೆ. 23/76 ಕಿತ್ತು, ಅದರ ಜಾಗದಲ್ಲಿ ಎರಡು ಎರಡೂವರೆ ಸ್ಕ್ವೇರ್ ಎಳೆದು ಬೈ-ವೈರ್ ಮಾಡಿದವರಿಗೆ ಫರಕು ಖಂಡಿತ ಕೇಳಿಸುತ್ತದೆ. ಕೇಳಿಸಿದ್ದು ತಾಮ್ರ. ಇನ್ನೂ ಮೋಜಿನ ಸಂಗತಿ ಎಂದರೆ, ಎರಡು ವೈರನ್ನು ಬೈ-ವೈರ್ ಮಾಡಿದಾಗ ಊಫರಿಗೆ ಸಿಗುವುದು ಒಂದೇ ವೈರಿನ ತಾಮ್ರ. ಅದೇ ಎರಡು ವೈರನ್ನು ಜಂಪರ್ ತೆಗೆಯದೆ ಹಾಗೇ ಹಾಕಿದರೆ ಊಫರಿಗೆ ಎರಡರ ತಾಮ್ರವೂ ಸಿಗುತ್ತದೆ. ತಗ್ಗು ಸ್ವರದ ಹಿಡಿತಕ್ಕಾಗಿ ಬೈ-ವೈರ್ ಮಾಡುವವರು ತಮ್ಮ ಕೈಯಾರೆ ಅರ್ಧ ತಾಮ್ರ ಬಿಟ್ಟುಕೊಡುತ್ತಿದ್ದಾರೆ!

ಕೊಳ್ಳುವಾಗ ಎಚ್ಚರ: ತಾಮ್ರದ ಬಣ್ಣದ್ದೆಲ್ಲ ತಾಮ್ರವಲ್ಲ. ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಹಾಕಿದ ವೈರು ಎಲ್ಲ ಕಡೆ ಸಿಗುತ್ತದೆ, ಅದರ ರೆಸಿಸ್ಟೆನ್ಸ್ ಶುದ್ಧ ತಾಮ್ರದ ಒಂದೂವರೆ ಪಟ್ಟು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಹೊರಗೆ ಬೆಳ್ಳಗಿದ್ದು ಕೆರೆದಾಗ ಒಳಗೆ ಕೆಂಪು ಕಂಡರೆ ಅದು ತವರ ಲೇಪದ ತಾಮ್ರ, ಒಳ್ಳೆಯದೇ. ಮನೆ ವೈರಿಂಗಿಗೆ ಬಳಸುವ ಐಎಸ್‌ಐ ಗುರುತಿನ ಬಹು ಎಳೆಯ ಎರಡೂವರೆ ಸ್ಕ್ವೇರ್ ವೈರನ್ನು ಕೆಂಪು ಒಂದು, ಕಪ್ಪು ಒಂದು ತಂದು ಜಡೆ ಹೆಣೆದಂತೆ ಹೊಸೆದರೆ ಮನೆಗೆ ಬೇಕಾದ ಸ್ಪೀಕರ್ ವೈರು ಸಿದ್ಧ. ನಾನು ಹಾಕಿಕೊಂಡಿರುವುದೂ ಅದನ್ನೇ.

ಹಾಗಾದರೆ ಗವಿಮಠದ ಜಾತ್ರೆಯಲ್ಲಿ ಅಷ್ಟುದ್ದ ತೆಳು ವೈರಿನ ಕೊನೆಯಲ್ಲಿ ಹಾರ್ನ್ ಹೇಗೆ ಕೂಗುತ್ತದೆ ಎಂದು ಕೊಪ್ಪಳದವರು ಕೇಳಬಹುದು. ಆ ಮೈಕ್‌ಸೆಟ್ 100 ವೋಲ್ಟ್ ಲೈನಿನದು. ಆ್ಯಂಪಿನಲ್ಲಿ ವೋಲ್ಟೇಜ್ ಏರಿಸಿ, ಹಾರ್ನಿನ ಬಳಿ ಟ್ರಾನ್ಸ್‌ಫಾರ್ಮರಿನಿಂದ ಇಳಿಸುತ್ತಾರೆ. 30 ವಾಟಿಗೆ 8 ಓಮ್ ಸ್ಪೀಕರ್ 2 ಆಂಪಿಯರಿನಷ್ಟು ಎಳೆದರೆ, 100 ವೋಲ್ಟ್ ಲೈನಿನಲ್ಲಿ ಅದೇ 30 ವಾಟಿಗೆ 0.3 ಸಾಕು. ಕರೆಂಟು ಇಳಿದರೆ ವೈರಿನ ನಷ್ಟ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಸುಮಾರು 40 ಪಟ್ಟು. ಊರಿಗೆ ಕರೆಂಟು ತರುವ ಹೈಟೆನ್ಷನ್ ಲೈನಿನ ಉಪಾಯವೇ ಅದು.

ಬಿಸಿಲಿನ ಮಾತನ್ನೂ ಮುಗಿಸಿಬಿಡುತ್ತೇನೆ. 20 ಡಿಗ್ರಿಯಿಂದ 42ಕ್ಕೆ ಏರಿದರೆ ತಾಮ್ರದ ರೆಸಿಸ್ಟೆನ್ಸ್ ಶೇ 8-9 ಹೆಚ್ಚುತ್ತದೆ. ಆದರೆ ಜೋರಾಗಿ ಹಚ್ಚಿದಾಗ ಊಫರಿನೊಳಗಿನ ವಾಯ್ಸ್ ಕಾಯಿಲ್ (ಊಫರನ್ನು ಅಲ್ಲಾಡಿಸುವ ತಂತಿಸುರುಳಿ) ನೂರು ಡಿಗ್ರಿ ಬಿಸಿ ಏರಿತೆಂದರೆ ಅದರ ರೆಸಿಸ್ಟೆನ್ಸ್ ಶೇ 39 ಏರುತ್ತದೆ. 6 ಓಮ್ ಇದ್ದದ್ದು 8 ದಾಟುತ್ತದೆ. ಅದರ ಮುಂದೆ ವೈರಿನ 48 ಮಿಲಿಓಮ್ ಯಾವ ಲೆಕ್ಕ.

ಹೆಜ್ಜೆ 3: ಬೈ-ವೈರ್ ಮಾಡುವ ಕ್ರಮ

ಒಂದೇ ಉದ್ದದ, ಒಂದೇ ಥರದ ನಾಲ್ಕು ವೈರು ಸಿದ್ಧ ಮಾಡಿಕೊಳ್ಳಿ, ಸ್ಪೀಕರಿಗೆ ಎರಡರಂತೆ. ಟ್ವೀಟರಿಗೆ ಹೋಗುವುದಕ್ಕೆ ಎರಡೂ ತುದಿಯಲ್ಲಿ ಬಣ್ಣದ ಟೇಪು ಸುತ್ತಿ. ಆ್ಯಂಪಿನ ಪ್ಲಗ್ ಕಿತ್ತಿರಲಿ. ಜಂಪರ್ ತೆಗೆಯಿರಿ. ಕೆಳಗಿನ ಜೋಡಿ ಸಾಮಾನ್ಯವಾಗಿ ಊಫರಿನದು, ಮೇಲಿನದು ಟ್ವೀಟರಿನದು. ಖಾತ್ರಿಗೆ ಒಂದೊಂದೇ ಜೋಡಿಗೆ ವೈರು ಕೊಟ್ಟು, ಪ್ಲಗ್ ಹಾಕಿ ಸಣ್ಣ ದನಿಯಲ್ಲಿ ಹಾಡು ಹಚ್ಚಿ ನೋಡಿ, ಗುಮ್ ಎನ್ನುವುದು ಊಫರ್, ಚಿಸ್ ಎನ್ನುವುದು ಟ್ವೀಟರ್. ನೋಡಿದ ಮೇಲೆ ಪ್ಲಗ್ ಮತ್ತೆ ಕೀಳಿ. ಆ್ಯಂಪಿನ ಕಡೆ ಎರಡು ವೈರಿನ ಕೆಂಪು ತುದಿಗಳನ್ನು ಸೇರಿಸಿ ಕೆಂಪಿಗೆ, ಕಪ್ಪು ತುದಿಗಳನ್ನು ಸೇರಿಸಿ ಕಪ್ಪಿಗೆ. ಎರಡು ದಪ್ಪ ವೈರು ಒಂದೇ ತೂತಿಗೆ ಹೋಗದಿದ್ದರೆ ಒಂದಕ್ಕೆ ಬನಾನಾ ಪ್ಲಗ್ (ಟರ್ಮಿನಲಿನ ತೂತಿಗೆ ನೇರ ತೂರಿಸುವ ಪಿನ್ನು) ಹಾಕಿ, ಇನ್ನೊಂದನ್ನು ತಿರುಪಿನಡಿ ಕೂರಿಸಿ.

ಆ್ಯಂಪಿನಲ್ಲಿ ಎ, ಬಿ ಎಂದು ಎರಡು ಜೊತೆ ಸ್ಪೀಕರ್ ಟರ್ಮಿನಲ್ ಇದ್ದರೆ ಎ ಊಫರಿಗೆ, ಬಿ ಟ್ವೀಟರಿಗೆ ಕೊಡಬಹುದು. ಆದರೆ ಮೊದಲು ಒಂದು ಪರೀಕ್ಷೆ. ಕೆಲವು ಆ್ಯಂಪ್‌ಗಳು ಎ+ಬಿ ಒತ್ತಿದಾಗ ಎರಡನ್ನೂ ಪಕ್ಕಪಕ್ಕದಲ್ಲಿ (ಪ್ಯಾರಲಲ್) ಸೇರಿಸುವ ಬದಲು ಒಂದರ ಹಿಂದೊಂದು (ಸೀರೀಸ್) ಸೇರಿಸುತ್ತವೆ. ಅಂಥದ್ದರಲ್ಲಿ ಬೈ-ವೈರ್ ಮಾಡಿದರೆ ದನಿ ಪೂರ್ತಿ ಕೆಡುತ್ತದೆ. ಎ-ಗೆ ಮಾತ್ರ ಸ್ಪೀಕರ್ ಹಾಕಿ, ಬಿ ಖಾಲಿ ಬಿಟ್ಟು, ಎ+ಬಿ ಒತ್ತಿ. ಹಾಡು ನಿಂತರೆ ಸೀರೀಸ್, ಆ ದಾರಿ ಬಿಟ್ಟುಬಿಡಿ.

ಹೆಜ್ಜೆ 4: ಉಲ್ಟಾ ಆಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಎಂಟು ತುದಿ, ಎಂಟು ಟರ್ಮಿನಲ್. ಒಂದು ಜೋಡಿಯ ಕೆಂಪು-ಕಪ್ಪು ಅದಲು ಬದಲಾಗುವುದು ಸುಲಭ. ಆದರೆ ಸ್ಪೀಕರೇನೂ ಸುಮ್ಮನಾಗುವುದಿಲ್ಲ, ಹಾಡುತ್ತಲೇ ಇರುತ್ತದೆ. ಊಫರ್ ಮತ್ತು ಟ್ವೀಟರ್ ಸೇರುವ ಸ್ವರಗಳಲ್ಲಿ ಮಾತ್ರ ಒಬ್ಬರನ್ನೊಬ್ಬರು ಅಳಿಸಿ ಹಾಕಿ ಒಂದು ತಗ್ಗು ಬೀಳುತ್ತದೆ. ಗಾಯಕರ ದನಿ ಹಿಂದೆ ಸರಿದಂತೆ, ಜಾಗ ದೊಡ್ಡದಾದಂತೆ ಕೇಳುತ್ತದೆ. "ಬೈ-ವೈರ್ ಮಾಡಿದ ಮೇಲೆ ಸ್ಟೇಜ್ ಅಗಲ ಆಯ್ತು" ಎಂದು ಹಿಗ್ಗಿದ ಒಬ್ಬರ ಮನೆಯಲ್ಲಿ ನಾನು ಕಂಡದ್ದು ಇದನ್ನೇ. ಸರಿ ಮಾಡಿಕೊಟ್ಟ ಮೇಲೆ ಅವರಿಗೆ ಸ್ವಲ್ಪ ಬೇಸರವೇ ಆಯಿತು.

ಆ್ಯಂಪಿನ ತುದಿ, ಸ್ಪೀಕರಿನ ತುದಿ ಎರಡನ್ನೂ ಬಿಚ್ಚಿ, ಮಲ್ಟಿಮೀಟರಿನ ಬೀಪ್‌ನಲ್ಲಿ ಪ್ರತಿ ವೈರನ್ನೂ ಈ ತುದಿಯಿಂದ ಆ ತುದಿಗೆ ನೋಡಿ. ಊಫರಿಗೆ ಇನ್ನೊಂದು ಉಪಾಯವಿದೆ: ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಊಫರ್ ವೈರಿನ ಕೆಂಪಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ. ಎಡ, ಬಲ ಎರಡು ಊಫರೂ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಮುಂದಕ್ಕೆ, ನೂಕಬೇಕು. ಟ್ವೀಟರಿಗೆ ಇದನ್ನು ಮಾಡಬೇಡಿ.

ಹೆಜ್ಜೆ 5: ಗೀಸರ್ ಸ್ವಿಚ್ಚಿನ ಪರೀಕ್ಷೆ

ವೈರು ಬದಲಿಸಿ, ಮತ್ತೆ ಬಂದು ಕೂತು, ಹತ್ತು ನಿಮಿಷದ ಹಿಂದಿನ ದನಿ ನೆನಪಿಸಿಕೊಂಡು ಹೋಲಿಸುವುದು ಆಗದ ಮಾತು. ಕಿವಿಯ ನೆನಪು ಸಣ್ಣ ಫರಕಿನ ವಿಷಯದಲ್ಲಿ ಕೆಲವು ಸೆಕೆಂಡುಗಳದ್ದು. ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು, ಯಾವುದು ಯಾವುದು ಎಂದು ನಿಮಗೆ ಗೊತ್ತಿರಬಾರದು.

ಇದಕ್ಕೆ ನನಗೆ ಹೊಳೆದ ದಾರಿ ಸರಳ. ಎರಡೂ ವೈರು ಹಾಗೇ ಇರಲಿ. ಜಂಪರ್ ಇದ್ದರೆ ಮಾಮೂಲಿ ಜೋಡಣೆ, ಇಲ್ಲದಿದ್ದರೆ ಬೈ-ವೈರ್. ವೈರು ಅದೇ, ತಾಮ್ರ ಅದೇ, ತಿರುಪು ಅದೇ. ಬದಲಾಗುವುದು ಜಂಪರ್ ಒಂದೇ. ಹಾಗಾದರೆ ಜಂಪರಿನ ಜಾಗದಲ್ಲಿ ಒಂದು ಸ್ವಿಚ್ ಹಾಕಿದರೆ?

ಗೀಸರಿಗೆ ಹಾಕುವ 32 ಆಂಪಿಯರಿನ ಡಿಪಿ ಸ್ವಿಚ್ಚಿನಲ್ಲಿ ಒಂದೇ ಗುಂಡಿಗೆ ಎರಡು ಬೇರೆ ಬೇರೆ ಸಂಪರ್ಕಗಳಿರುತ್ತವೆ. ದೀಪವಿಲ್ಲದ್ದು ತನ್ನಿ. ಒಂದು ಸಂಪರ್ಕವನ್ನು ಮೇಲಿನ ಕೆಂಪಿಗೂ ಕೆಳಗಿನ ಕೆಂಪಿಗೂ ನಡುವೆ, ಇನ್ನೊಂದನ್ನು ಮೇಲಿನ ಕಪ್ಪಿಗೂ ಕೆಳಗಿನ ಕಪ್ಪಿಗೂ ನಡುವೆ, ಎರಡೂವರೆ ಸ್ಕ್ವೇರಿನ ಗಿಡ್ಡ ತುಂಡುಗಳಿಂದ ಜೋಡಿಸಿ. ಸ್ಪೀಕರಿಗೆ ಹಾಕುವ ಮುಂಚೆ ಮೀಟರಿನಲ್ಲಿ ನೋಡಿ: ಕೆಂಪಿನ ತುಂಡಿಗೂ ಕಪ್ಪಿನ ತುಂಡಿಗೂ ನಡುವೆ ಯಾವ ಕಾರಣಕ್ಕೂ ಬೀಪ್ ಬರಬಾರದು, ಗುಂಡಿ ಹೇಗೇ ಇರಲಿ. ಬಂದರೆ ಆ್ಯಂಪಿನ ಔಟ್‌ಪುಟ್ ಶಾರ್ಟ್ ಆಗುತ್ತದೆ. ಗುಂಡಿ ಆನ್ ಎಂದರೆ ಜಂಪರ್, ಆಫ್ ಎಂದರೆ ಬೈ-ವೈರ್. ಹಾಡು ನಡೆಯುತ್ತಿರುವಾಗಲೇ ಒತ್ತಬಹುದು, ಎರಡು ತುದಿಯಲ್ಲೂ ಇರುವುದು ಒಂದೇ ಆ್ಯಂಪು.

ಒಂದೇ ಸ್ಪೀಕರಿಗೆ ಮಾಡಿದರೆ ಸಾಕು, ಇನ್ನೊಂದನ್ನು ಬಂದ್ ಮಾಡಿಬಿಡಿ. ಆ್ಯಂಪಿನಲ್ಲಿ ಮೋನೋ ಗುಂಡಿಯಿದ್ದರೆ ಒತ್ತಿ. 8 ಓಮ್ ಸ್ಪೀಕರಿಗೆ ಎರಡೂವರೆ ಸ್ಕ್ವೇರಿನ ಮೂರು ಮೀಟರ್ ವೈರಿನಲ್ಲಿ ಆನ್-ಆಫ್ ನಡುವಿನ ದನಿಮಟ್ಟದ ಅಂತರ 0.03 ಡೆಸಿಬಲಿಗಿಂತ ಕಡಿಮೆ, ಹಾಗಾಗಿ ವಾಲ್ಯೂಮ್ ಸರಿಹೊಂದಿಸುವ ತಲೆನೋವಿಲ್ಲ. ತೆಳು ವೈರಿನಲ್ಲಿ ಈ ಅಂತರ ದೊಡ್ಡದಾಗುತ್ತದೆ, ಆದ್ದರಿಂದ 23/76 ಇಟ್ಟುಕೊಂಡು ಈ ಪರೀಕ್ಷೆ ಮಾಡಬೇಡಿ.

ಮನೆಯಲ್ಲಿ ಒಬ್ಬರನ್ನು ಸ್ಪೀಕರಿನ ಹಿಂದೆ ಕೂರಿಸಿ, ನಡುವೆ ಒಂದು ಚಾದರ ಕಟ್ಟಿ. ಅವರು ಪ್ರತಿ ಸಲವೂ ನಾಣ್ಯ ಚಿಮ್ಮಿ, ಬಂದಂತೆ ಗುಂಡಿ ಇಡಬೇಕು, ಚೀಟಿಯಲ್ಲಿ ಬರೆದುಕೊಳ್ಳಬೇಕು. ಸ್ವಿಚ್ಚಿನ ಟಕ್ ಸದ್ದಿನಿಂದಲೇ ನೀವು ಊಹಿಸಬಾರದಲ್ಲ, ಅದಕ್ಕೆ ಪ್ರತಿ ಸಲವೂ ಒತ್ತುತ್ತಾ ಬಿಡುತ್ತಾ ನಾಲ್ಕೈದು ಸಲ ಟಕಟಕ ಮಾಡಿ, ಕೊನೆಗೆ ನಾಣ್ಯ ಹೇಳಿದ ಜಾಗದಲ್ಲಿ ನಿಲ್ಲಿಸಲಿ. ಅವರು ಏನೂ ಮಾತಾಡಬಾರದು, ನಗಬಾರದು. ನಮ್ಮ ಗೆಳೆಯರ ಮಗಳು ಮೊದಲ ಸುತ್ತಿನಲ್ಲಿ ಅಪ್ಪನ ತಪ್ಪು ಉತ್ತರಕ್ಕೆ ಕಿಸಕ್ ಅಂದಳು, ಆ ಸುತ್ತು ಪೂರ್ತಿ ರದ್ದಾಯಿತು.

ಯಾವ ಸಂಗೀತ? ಪರ ವಾದವನ್ನೇ ಹಿಡಿದು ಆರಿಸಿ. ತಗ್ಗು ಸ್ವರದ ಕರೆಂಟು ಮೇಲಿನ ಸ್ವರವನ್ನು ಕೆಡಿಸುತ್ತದೆ ಎಂದಲ್ಲವೇ ಅವರು ಹೇಳುವುದು? ಹಾಗಾದರೆ ತಬಲಾ ಸೋಲೋಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಎಡಗೈಯ ಡಗ್ಗಾ ಗುಂಯ್ ಎಂದು ಊಫರನ್ನು ತುಂಬಿದ ಅದೇ ಕ್ಷಣದಲ್ಲಿ ಬಲಗೈಯ "ನಾ" ಅಂಚಿನಲ್ಲಿ ಮಸುಕಾಗಬೇಕು. ಬೈ-ವೈರ್‌ನಲ್ಲಿ ಸ್ವಚ್ಛವಾಗಬೇಕು. ತಂಬೂರಿಯನ್ನೂ ಕೇಳಿ, ಅದರ ಝೇಂಕಾರದಲ್ಲಿ ಮೇಲಿನ ಸ್ವರಗಳು ಒಂದರ ಮೇಲೊಂದು ಏಳುತ್ತವೆ, ಟ್ವೀಟರಿನಲ್ಲಿ ಏನಾದರೂ ಬದಲಾದರೆ ಅಲ್ಲಿ ಗೊತ್ತಾಗಬೇಕು. ಹತ್ತಿಪ್ಪತ್ತು ಸೆಕೆಂಡಿನ ಅದೇ ತುಣುಕನ್ನು ಮತ್ತೆ ಮತ್ತೆ ಹಚ್ಚಿ. ಇದನ್ನು ರಾತ್ರಿ ಮಾಡಿ, ಕೂಲರ್, ಫ್ಯಾನ್ ಎರಡೂ ಆರಿಸಿ. ಮೇ ತಿಂಗಳಲ್ಲಿ ಇದು ಶಿಕ್ಷೆ, ಡಿಸೆಂಬರಿನಲ್ಲಿ ಮಾಡಿದರೆ ಸುಖ.

ಈಗ ಜಂಪರೋ ಬೈ-ವೈರೋ ಎಂದು 16 ಸಲ ಉತ್ತರಿಸಿ. 12 ಅಥವಾ ಹೆಚ್ಚು ಸರಿಯಾದರೆ ಬರೀ ಊಹೆಯಿಂದ ಹಾಗಾಗುವ ಸಂಭವ ಶೇ 4ಕ್ಕಿಂತ ಕಡಿಮೆ, ಅಂದರೆ ನಿಮಗೆ ಏನೋ ಕೇಳಿಸುತ್ತಿದೆ. 10 ಬಂದರೆ ಹಿಗ್ಗಬೇಡಿ, ಕಣ್ಣು ಮುಚ್ಚಿ ಊಹಿಸಿದರೂ 10 ಬರುವುದು ಸಾಮಾನ್ಯ. ನನಗೆ 9 ಬಂತು. ಗೆಳೆಯರಿಗೆ 7. ಅವರ ಮಗಳು, ಆ ಮನೆಯಲ್ಲಿ ಎಲ್ಲರಿಗಿಂತ ಎಳೆಯ ಕಿವಿ, 8.

12 ದಾಟಿದರೂ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಸ್ವಿಚ್ಚಿನ ತಿರುಪು, ಪೋಲಾರಿಟಿ (ಕೆಂಪು-ಕಪ್ಪು ಉಲ್ಟಾ ಆಗಿಲ್ಲವೇ) ಮತ್ತೆ ನೋಡಿ. ಆಫ್ ಇಟ್ಟಾಗ ಒಂದು ವೈರು ಎಲ್ಲೋ ಸಡಿಲಿದ್ದರೆ ಅದು ಆಗ ಮಾತ್ರ ಬಯಲಾಗುತ್ತದೆ, ಏಕೆಂದರೆ ಆನ್ ಇದ್ದಾಗ ಇನ್ನೊಂದು ವೈರು ಅದರ ಕೆಲಸವನ್ನೂ ಮಾಡುತ್ತಿರುತ್ತದೆ. ಎಲ್ಲ ಸರಿಯಿದ್ದೂ ಮತ್ತೆ 12 ದಾಟಿದರೆ ನಿಮ್ಮ ಮನೆಯಲ್ಲಿ ಬೈ-ವೈರ್ ಇರಲಿ. ವೈರು ಹೇಗೂ ಎಳೆದಾಗಿದೆ.

ಪರೀಕ್ಷೆ ಮುಗಿದ ಮೇಲೆ ಆ ಸ್ವಿಚ್ಚಿಗೆ ಕೆಂಪು ಟೇಪು ಸುತ್ತಿ ಬೇರೆ ಕಡೆ ಇಡಿ. ಗಿಡ್ಡ ತುಂಡುಗಳು ಜೋತಾಡುತ್ತಿರುವ ಡಿಪಿ ಸ್ವಿಚ್ಚನ್ನು ಯಾರಾದರೂ 230 ವೋಲ್ಟಿನ ಕೆಲಸಕ್ಕೆ ಎತ್ತಿಕೊಂಡಾರು.

ಬೈ-ಆ್ಯಂಪಿಂಗ್ ಬೇರೆ

ಎರಡು ವೈರಿಗೆ ಎರಡು ಆ್ಯಂಪ್ ಚಾನೆಲ್ ಕೊಡುವುದು ಬೈ-ಆ್ಯಂಪಿಂಗ್. ಅದಕ್ಕೆ ಕೈ ಹಾಕಿದರೆ ಜಂಪರ್ ತೆಗೆದಿರುವುದನ್ನು ಎರಡು ಸಲ ನೋಡಿ. ಬೈ-ವೈರ್‌ನಲ್ಲಿ ಜಂಪರ್ ಮರೆತರೆ ಏನೂ ಆಗದು, ಇಲ್ಲಿ ಮರೆತರೆ ಒಂದು ಆ್ಯಂಪಿನ ಔಟ್‌ಪುಟ್ ಇನ್ನೊಂದಕ್ಕೆ ನೇರ ಕೂತು ಎರಡೂ ಸುಡಬಹುದು. ಹೋಮ್ ಥಿಯೇಟರ್ ರಿಸೀವರಿನ ಮೆನುವಿನಲ್ಲಿರುವ ಬೈ-ಆ್ಯಂಪ್ ಆಯ್ಕೆಯಿಂದ ದೊಡ್ಡ ಲಾಭವಿಲ್ಲ, ಎಲ್ಲ ಚಾನೆಲ್‌ಗಳಿಗೂ ಒಳಗಿರುವುದು ಒಂದೇ ಪವರ್ ಸಪ್ಲೈ.

ನಿಜವಾದ ಫರಕು ಆಗುವುದು ಸ್ವರವನ್ನು ಆ್ಯಂಪಿನ ಮುಂಚೆಯೇ ಹಂಚಿದಾಗ. ಗಣೇಶ ಹಬ್ಬದಲ್ಲಿ ಟ್ರ್ಯಾಕ್ಟರ್ ಮೇಲೆ ಡಿಜೆ ಕಟ್ಟುವ ನಮ್ಮ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಮಿಕ್ಸರಿನಿಂದ ಆ್ಯಕ್ಟಿವ್ ಕ್ರಾಸ್‌ಓವರ್, ಅಲ್ಲಿಂದ ಬೇಸ್ ಬಿನ್ನಿಗೆ (ತಗ್ಗು ಸ್ವರದ ಪೆಟ್ಟಿಗೆಗೆ) ಒಂದು ಆ್ಯಂಪ್, ಟಾಪಿಗೆ (ಮೇಲಿನ ಸ್ವರದ ಪೆಟ್ಟಿಗೆಗೆ) ಇನ್ನೊಂದು. ಪೆಟ್ಟಿಗೆಯೊಳಗಿನ ದಪ್ಪ ಕಾಯಿಲ್ ಇಲ್ಲ, ಬೇಸ್ ಆ್ಯಂಪ್ ಏದುಸಿರು ಬಿಟ್ಟರೂ ಟಾಪ್ ಒಡೆಯುವುದಿಲ್ಲ. ಬೈ-ವೈರಿಂಗಿನ ಬಗ್ಗೆ ಹೇಳುವ ಹೊಗಳಿಕೆಯೆಲ್ಲ ಇದಕ್ಕೆ ಸಲ್ಲಬೇಕಾದದ್ದು. ಮನೆಯ ಸ್ಪೀಕರಿನಲ್ಲಿ ಹೀಗೆ ಮಾಡಲು ಒಳಗಿನ ಕ್ರಾಸ್‌ಓವರನ್ನೇ ಕಿತ್ತು ಹಾಕಬೇಕು, ಅಳೆಯುವ ಸಾಮಗ್ರಿ ಬೇಕು. ಆ ಉಸಾಬರಿ ಎಲ್ಲರಿಗೂ ಅಲ್ಲ.

ಉಳಿದ ದುಡ್ಡು ಎಲ್ಲಿ ಹಾಕಬೇಕು

ನಮ್ಮ ಮನೆಗಳಲ್ಲಿ ನೆಲಕ್ಕೆ ಕಡಪ ಕಲ್ಲು ಇಲ್ಲವೇ ಟೈಲ್ಸ್, ಗೋಡೆ ಬೋಳು, ಕೆಲವು ಕಡೆ ಮೇಲೂ ಕಲ್ಲಿನ ಚಪ್ಪಡಿ. ಚಪ್ಪಾಳೆ ತಟ್ಟಿದರೆ ಕೋಣೆಯೇ ಉತ್ತರ ಕೊಡುತ್ತದೆ. ಇಂಥ ಕೋಣೆಯಲ್ಲಿ ಟ್ವೀಟರಿನ ದನಿ ನೇರವಾಗಿ ಬಂದದ್ದಕ್ಕಿಂತ ಗೋಡೆಯಿಂದ ತಿರುಗಿ ಬಂದದ್ದೇ ಹೆಚ್ಚು. ಸ್ಪೀಕರಿನ ಪಕ್ಕದ ಗೋಡೆಗೆ ಒಬ್ಬರು ಕನ್ನಡಿ ಹಿಡಿದು ಸರಿಸುತ್ತಾ ಹೋಗಲಿ. ನೀವು ಕೂತ ಜಾಗದಿಂದ ಕನ್ನಡಿಯಲ್ಲಿ ಟ್ವೀಟರ್ ಕಂಡ ಕಡೆ ಒಂದು ದಪ್ಪ ಕೌದಿ ತೂಗುಹಾಕಿ, ಗೋಡೆಗೂ ಕೌದಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು. ಎದುರು ನೆಲಕ್ಕೆ ಜಮಖಾನ ಹಾಸಿ.

ಸ್ಪೀಕರನ್ನು ಹಿಂದಿನ ಗೋಡೆಯಿಂದ ಸರಿಸಿ ನೋಡಿ. ಮುಂಭಾಗ ಗೋಡೆಯಿಂದ 60 ಸೆಂಟಿಮೀಟರಿನಲ್ಲಿದ್ದರೆ ಸುಮಾರು 145 ಹರ್ಟ್ಸ್‌ನಲ್ಲಿ ಗೋಡೆಯ ಪ್ರತಿಫಲನ ಎದುರು ನಿಂತು ಹಲವು ಡೆಸಿಬಲ್ ನುಂಗುತ್ತದೆ. ಗಂಡು ದನಿಯ ಎದೆಯ ಭಾಗವೇ ಅದು. ಹತ್ತು ಸೆಂಟಿಮೀಟರ್ ಸರಿಸಿದರೂ ಆ ತಗ್ಗು ಬೇರೆ ಕಡೆ ಹೋಗುತ್ತದೆ. ಇದಕ್ಕೆ ಖರ್ಚು, ನೆಲಕ್ಕೆ ಗುರುತು ಹಾಕಲು ಒಂದು ಸುಣ್ಣದ ಕಡ್ಡಿ.

ನಮ್ಮ ಗೆಳೆಯರ ಮನೆಯಲ್ಲಿ ಕೊನೆಗೆ ಉಳಿದದ್ದು ಹೀಗೆ: ಒಂದೇ ಜೋಡಿ ಎರಡೂವರೆ ಸ್ಕ್ವೇರ್, ಕಪ್ಪಿಟ್ಟ ಪಟ್ಟಿಯ ಬದಲು ಅದೇ ವೈರಿನ ಗಿಡ್ಡ ಜಂಪರ್, ಗೋಡೆಗೆ ಅವರ ಅವ್ವ ಹೊಲಿದ ಕೌದಿ. ಪರೀಕ್ಷೆಗೆಂದು ತಂದಿದ್ದ ಎರಡನೇ ವೈರು ಮಾಳಿಗೆಯ ಟ್ಯಾಂಕಿನ ಮೋಟರಿಗೆ ಹೋಯಿತು. ಜನವರಿಯ ಚಳಿಯಲ್ಲಿ ಅವ್ವ ಬಂದು "ಗ್ವಾಡಿಗೆ ಚಳಿ ಆಗ್ತದೇನೋ ತಮ್ಮಾ?" ಅಂತ ಕೌದಿ ಇಳಿಸಿಕೊಂಡು ಹೋದರು. ಆ ಫರಕು ಮಾತ್ರ ನಾಣ್ಯ ಚಿಮ್ಮದೆಯೇ ಎಲ್ಲರಿಗೂ ಕೇಳಿಸಿತು.